ನಮ್ಮ ಶಾಲೆಯ ಭಾಷೆ ಗೊತ್ತು ಮಾಡಿದವರು ಯಾರು?

ಒಂದನೇ ಕ್ಲಾಸು. ಗೋಡೆಗೆ ಪ್ರಾಣಿಗಳ ಚಾರ್ಟು ತೂಗುಹಾಕಿದ್ದಾರೆ. ಮೇಷ್ಟ್ರು ಕೋಲಿನ ತುದಿಯಿಂದ ಹಸುವಿನ ಚಿತ್ರ ಮುಟ್ಟಿ, "ಇದೇನು ಹೇಳೋ" ಅಂದರು. ಮುಂದಿನ ಸಾಲಲ್ಲಿ ಕೂತಿದ್ದ ಹುಡುಗ ಎದ್ದು ನಿಂತು, ಖುಷಿಯಿಂದ "ಆವು" ಅಂದ.

ಮೇಷ್ಟ್ರು ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು. "ಹಸು ತೋರಿಸಿದ್ರೆ ಹಾವು ಅಂತೀಯಲ್ಲೋ" ಅಂತ ಕಿವಿ ಹಿಂಡಿ ಕೂರಿಸಿದರು. ಕ್ಲಾಸೆಲ್ಲ ನಕ್ಕಿತು. ಹುಡುಗನಿಗೆ ತಾನು ಮಾಡಿದ ತಪ್ಪೇನು ಅಂತ ಗೊತ್ತಾಗಲಿಲ್ಲ. ತಪ್ಪು ಮಾಡಿರಲೂ ಇಲ್ಲ. ತೆಲುಗಿನಲ್ಲಿ ಹಸುವಿಗೆ ಆವು ಅಂತಾರೆ. ಅವನು ಹೇಳಿದ್ದು ಸರಿ ಉತ್ತರ. ಆದರೆ ಅದು ಮನೆಯ ಭಾಷೆಯಲ್ಲಿತ್ತು, ಶಾಲೆಯ ಭಾಷೆಯಲ್ಲಿರಲಿಲ್ಲ.

ಆ ಹುಡುಗ ಇದನ್ನು ಬರೆಯುತ್ತಿರುವ ನಮ್ಮಲ್ಲೇ ಒಬ್ಬ. ಈಗ ಮೂವತ್ತು ದಾಟಿದೆ. ಡಿಪ್ಲೊಮಾ ಮುಗಿಸಿ, ಕನ್ನಡದಲ್ಲೇ ಸುದ್ದಿ ಬರೆದು ಹೊಟ್ಟೆ ಹೊರೆಯುತ್ತಿದ್ದಾನೆ. ಹಾಗಾಗಿ ಇದು ಕನ್ನಡದ ಮೇಲಿನ ದೂರು ಅಂತ ಯಾರೂ ತಿಳಿಯಬೇಡಿ. ನಮಗೆ ಬೇಕಾಗಿರುವುದು ಒಂದು ಪ್ರಶ್ನೆಗೆ ಉತ್ತರ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಲ್ಲಿ ಯಾವ ಭಾಷೆ ಇರಬೇಕು, ಯಾವ ಮಗು ಎಲ್ಲಿ ಕೂರಬೇಕು ಅಂತ ಇಷ್ಟು ಕಾಲ ಯಾರು ಗೊತ್ತು ಮಾಡುತ್ತಾ ಬಂದರು? ಮಗುವನ್ನು, ಅದರ ಅಪ್ಪ ಅಮ್ಮನನ್ನು ಯಾರಾದರೂ ಕೇಳಿದರಾ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲ್ಲಿನ ಮೇಲೆ ಹಲವು ಭಾಷೆ

ನಮ್ಮ ಜಿಲ್ಲೆಯಲ್ಲಿ ಒಂದೇ ಭಾಷೆ ಇದ್ದ ಕಾಲವೇ ಇಲ್ಲ. ಕೋಲಾರಮ್ಮನ ಗುಡಿಗೆ ಹೋದರೆ ಚೋಳರ ಕಾಲದ ತಮಿಳು ಶಾಸನ ಕಾಣುತ್ತದೆ. ಮುಳಬಾಗಿಲಿನ ಆವಣಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಗಡಿ ಕಡೆಯ ಊರುಗಳಲ್ಲಿ ತೆಲುಗು ಕಲ್ಲುಗಳೂ ಸಿಗುತ್ತವೆ. ಆಮೇಲೆ ಬಿಜಾಪುರದವರು ಬಂದರು. ಕೋಲಾರ ಶಹಾಜಿಯ ಜಹಗೀರಿಗೆ ಸೇರಿತು, ಅದರ ಜೊತೆ ಮರಾಠಿ ಬಂತು. ಹೈದರಾಲಿ ಹುಟ್ಟಿದ್ದೆಂದು ಹೇಳುವ ಬೂದಿಕೋಟೆ ಇಲ್ಲೇ ಪಕ್ಕದಲ್ಲಿದೆ. ಟಿಪ್ಪು ಕಾಲಕ್ಕೆ ಕಂದಾಯದ ಲೆಕ್ಕಕ್ಕೆ ಪಾರ್ಸಿ ಮುಖ್ಯವಾಯಿತು.

ಗುರುತು ಬೇಕಾದರೆ ತಾಲ್ಲೂಕು ಕಚೇರಿಗೆ ಹೋಗಿ ನಿಲ್ಲಿ. ಜಮಾಬಂದಿ, ತಹಸೀಲ್ದಾರ್, ಶಿರಸ್ತೇದಾರ್, ಕಸಬಾ. ಇವೆಲ್ಲ ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಮಾತುಗಳು. ನಮ್ಮ ಅಜ್ಜಂದಿರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರೋ ಆಡುತ್ತಿದ್ದರು. ಜಮೀನಿನ ಕಾಗದ ಮಾತ್ರ ಅವರಿಗೆ ಅರ್ಥವಾಗದ ಭಾಷೆಯಲ್ಲಿ ಇರುತ್ತಿತ್ತು. ಅದನ್ನು ಓದಬಲ್ಲವನು ಊರಿಗೆ ಒಬ್ಬನೋ ಇಬ್ಬರೋ. ಅವನ ಮಾತೇ ನಡೆಯುತ್ತಿತ್ತು.

ವಿದ್ಯೆಯೇ ಇರಲಿಲ್ಲ ಅಂತಲ್ಲ. 15ನೇ ಶತಮಾನದಲ್ಲಿ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಮಠ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಮುಂದೆ ವಿಜಯನಗರದಲ್ಲಿ ಹೆಸರಾದ ವ್ಯಾಸರಾಯರು ಓದಿದ್ದು ಇಲ್ಲೇ. ಶ್ರೀಪಾದರಾಜರು ಶಾಸ್ತ್ರವನ್ನು ಸಂಸ್ಕೃತದಲ್ಲಿ ಪಾಠ ಹೇಳಿದರೂ ಹಾಡುಗಳನ್ನು ಕನ್ನಡದಲ್ಲಿ ಕಟ್ಟಿದರು. ಹಾಡು ಎಲ್ಲರ ಕಿವಿಗೂ ಬಿತ್ತು. ಪಾಠ ಮಾತ್ರ ಕೆಲವರಿಗಷ್ಟೇ ಸಿಕ್ಕಿತು.

ಕೂಲಿಮಠದಿಂದ ಹೋಬಳಿ ಶಾಲೆಗೆ

ಸರ್ಕಾರಿ ಶಾಲೆ ಬರುವ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಗುಡಿಯ ಜಗುಲಿಯಲ್ಲೋ ಯಾರದೋ ಪಡಸಾಲೆಯಲ್ಲೋ ಅಯ್ಯನವರು ಕೂರುತ್ತಿದ್ದರು. ಮಕ್ಕಳು ಮರಳಲ್ಲಿ ಬೆರಳಾಡಿಸಿ ಅಕ್ಷರ ತಿದ್ದಬೇಕು. ಮಗ್ಗಿ ಬಾಯಿಪಾಠ, ಕಾಲು ಅರೆ ಮುಕ್ಕಾಲಿನ ಲೆಕ್ಕ, ಒಂದಷ್ಟು ಪದ್ಯ. ಕೂಲಿ ದುಡ್ಡಲ್ಲೋ ದವಸದಲ್ಲೋ ಕೊಡುತ್ತಿದ್ದರು. ಯಾವ ಊರಲ್ಲಿ ಯಾವ ಭಾಷೆ ಅನ್ನುವುದು ಅಯ್ಯನವರಿಗೆ ಏನು ಬರುತ್ತಿತ್ತೋ ಅದರ ಮೇಲೆ ನಿಂತಿತ್ತು.

1831ರಿಂದ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1854ರಲ್ಲಿ ಚಾರ್ಲ್ಸ್ ವುಡ್ ಇಂಗ್ಲೆಂಡಿನಿಂದ ಕಳಿಸಿದ ಶಿಕ್ಷಣದ ಆದೇಶದ ಬೆನ್ನಿಗೆ ಇಲ್ಲೂ ವಿದ್ಯಾ ಇಲಾಖೆ ಹುಟ್ಟಿತು. ಮೊದಮೊದಲು ಪಟ್ಟಣಗಳಲ್ಲಷ್ಟೇ ಶಾಲೆ. 1868ರಲ್ಲಿ ಬಿ.ಎಲ್.ರೈಸ್ ಹೊಸ ಯೋಜನೆ ಮುಂದಿಟ್ಟರು: ಹೋಬಳಿಗೊಂದು ಶಾಲೆ. ಕಟ್ಟಡ ಊರವರು ಕೊಡಬೇಕು. ಖರ್ಚಿಗೆ ಕಂದಾಯದ ಜೊತೆ ವಸೂಲಾಗುವ ಸ್ಥಳೀಯ ತೆರಿಗೆಯ ಒಂದು ಪಾಲು. ಮೇಷ್ಟ್ರಾಗಿ ಆದಷ್ಟು ಹಳೇ ಅಯ್ಯನವರನ್ನೇ ಆರಿಸಿ ತರಬೇತಿ ಕೊಡುವುದು.

ಈ ರೈಸ್ ಯಾರು ಅಂದರೆ, ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರು. ಶಾಲೆಗಳ ತನಿಖೆಗೆ ಊರೂರು ಸುತ್ತುವಾಗ ಕಲ್ಲುಗಳ ಮೇಲಿನ ಬರಹ ಕಣ್ಣಿಗೆ ಬಿದ್ದು, ಅದನ್ನು ಓದಿಸಿ ಅಚ್ಚು ಹಾಕಿಸಿದವರೂ ಇವರೇ. ಕೋಲಾರ ಜಿಲ್ಲೆಯ ಶಾಸನಗಳದೇ ಒಂದು ಸಂಪುಟ 1905ರಲ್ಲಿ ಬಂತು. ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಅದು. ನಮ್ಮ ಕಲ್ಲುಗಳಲ್ಲಿ ಎಷ್ಟು ಭಾಷೆ ಇದೆ ಅಂತ ಅವರಷ್ಟು ಬಲ್ಲವರು ಆಗ ಬೇರೆ ಇರಲಿಲ್ಲ.

ಹಾಗಿದ್ದೂ ಹೋಬಳಿ ಶಾಲೆಯ ಭಾಷೆ ಕನ್ನಡವೇ ಆಯಿತು. ಕಾರಣ ಸುಲಭ. ಸಂಸ್ಥಾನದ ಕಚೇರಿಯ ಭಾಷೆ ಕನ್ನಡದ ಕಡೆ ವಾಲಿತ್ತು. ಶಾಲೆಯಿಂದ ಸರ್ಕಾರಕ್ಕೆ ಬೇಕಾಗಿದ್ದದ್ದು ಲೆಕ್ಕ ಬರೆಯುವ ಶಾನುಭೋಗ, ಕಾಗದ ಓದುವ ಪಟೇಲ, ಕಚೇರಿಯ ಗುಮಾಸ್ತ. ವೇಮಗಲ್, ನರಸಾಪುರ, ಟೇಕಲ್, ಲಕ್ಕೂರಿನ ಮಕ್ಕಳಿಗೂ ಅದೇ ಪುಸ್ತಕ. ಬೈರಕೂರು, ರೋಣೂರು, ಯಲ್ದೂರು, ರಾಯಲ್ಪಾಡಿನಲ್ಲಿ ತೆಲುಗು ಆಡಿ ಬಂದ ಮಕ್ಕಳಿಗೂ ಅದೇ ಪುಸ್ತಕ.

ಇದರಿಂದ ನಷ್ಟವೇ ಆಯಿತು ಅಂತ ನಾವು ಹೇಳುವುದಿಲ್ಲ. ಮೊದಲ ಸಲ ಜಮೀನಿನ ಕಾಗದ ಮತ್ತು ಶಾಲೆಯ ಪುಸ್ತಕ ಒಂದೇ ಭಾಷೆಗೆ ಬಂದವು. ಓದಿದವನಿಗೆ ಶಾನುಭೋಗರ ಹಂಗು ಕಡಿಮೆಯಾಯಿತು. ಆದರೆ ಆ ನಿರ್ಧಾರವಾದದ್ದು ಕಚೇರಿಯ ಅನುಕೂಲ ನೋಡಿ. ಮಗುವಿನ ಬಾಯಲ್ಲಿ ಯಾವ ಭಾಷೆ ಇದೆ ಅಂತ ನೋಡಿ ಅಲ್ಲ.

ಬರ ತೆರೆದ ಬಾಗಿಲು

ಯೋಜನೆ ಬೇರುಬಿಡುವ ಹೊತ್ತಿಗೆ ಬರ ಬಂತು. 1876ರಿಂದ 78ರವರೆಗಿನ ಆ ಮಹಾ ಬರವನ್ನು ಮೈಸೂರು ಸೀಮೆ ಬಹಳ ಕಾಲ ಮರೆಯಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದ 55 ಸಾವಿರ ಇತ್ತು. 1881ರಲ್ಲಿ ಎಣಿಸಿದಾಗ ಸುಮಾರು 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಕೆರೆಯನ್ನೇ ನಂಬಿದ ಕೋಲಾರಕ್ಕೆ ಪೆಟ್ಟು ಜೋರಾಗಿಯೇ ಬಿತ್ತು. ಕಂದಾಯವೇ ಬಾರದಿದ್ದ ಮೇಲೆ ಕಂದಾಯ ನಂಬಿದ ಶಾಲೆ ನಡೆಯುವುದು ಹೇಗೆ?

ಅದೇ ಬರ ಇನ್ನೊಂದು ಕಡೆಯಿಂದ ಬೇರೆ ಬಾಗಿಲು ತೆರೆಯಿತು. ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು, ಓದಿಸಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಗೆ ಹೋಯಿತು. ಕೋಲಾರದವರು ಇವತ್ತಿಗೂ ಮಿಷನ್ ಕಾಂಪೌಂಡು ಅನ್ನುವುದು, 1910ರಲ್ಲಿ ಶುರುವಾದ ಇಟಿಸಿಎಂ ಆಸ್ಪತ್ರೆ, ಎಲ್ಲಕ್ಕೂ ಬೇರು ಅಲ್ಲಿದೆ. ಅಪ್ಪ ಅಮ್ಮ ಸತ್ತು, ಜಾತಿಯ ಕಟ್ಟು ಕಳಚಿದ ಹೆಣ್ಣುಮಕ್ಕಳು ಬೋರ್ಡಿಂಗಿನಲ್ಲಿ ಕೂತು ಅಕ್ಷರ ಕಲಿತರು. ಮಿಷನ್ನಿನವರ ಉದ್ದೇಶದಲ್ಲಿ ಧರ್ಮಪ್ರಚಾರವೂ ಇತ್ತು, ಅದನ್ನು ಅವರೇನೂ ಮುಚ್ಚಿಡಲಿಲ್ಲ. ಆದರೆ ಊರಿನ ಸರ್ಕಾರಿ ಶಾಲೆಯಲ್ಲಿ ಜಾಗವಿಲ್ಲದ ಮಗುವಿಗೆ ಅಲ್ಲಿ ಜಾಗವಿತ್ತು.

ಮುಳಬಾಗಿಲಿನ ಹುಡುಗ, ಮಾಲೂರಿನ ಹುಡುಗ

ಇಷ್ಟು ಹೇಳಿದ ಮೇಲೆ ಓದುಗರು ಒಂದು ಮಾತು ಕೇಳಬಹುದು. ಮನೆಯ ಭಾಷೆ ಬೇರೆ ಇದ್ದದ್ದೇ ತೊಡಕಾಗಿದ್ದರೆ ನಮ್ಮ ಜಿಲ್ಲೆಯಿಂದ ಕನ್ನಡದ ದೊಡ್ಡವರು ಹೇಗೆ ಬಂದರು?

ಕೇಳಬೇಕಾದ ಪ್ರಶ್ನೆಯೇ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದರು. ಮನೆಮಾತು ತಮಿಳು. ಬಡತನದಲ್ಲಿ ಓದಿ 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಆಗ ಮೈಸೂರಿಗೆ ಸ್ವಂತ ವಿಶ್ವವಿದ್ಯಾಲಯವೇ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಆಮೇಲೆ ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ತಂದರು. ವಿಶ್ವವಿದ್ಯಾಲಯ ಕಟ್ಟಿಸಿದ ದಿವಾನ ವಿಶ್ವೇಶ್ವರಯ್ಯನವರೂ ಆಗಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರು. ಅವರ ಮನೆಮಾತು ತೆಲುಗು.

ನಮ್ಮ ಕಸುಬಿನ ಹಿರಿಯರು ಡಿ.ವಿ.ಗುಂಡಪ್ಪ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದರು. ಕಾಲೇಜಿನ ಡಿಗ್ರಿ ಇರಲಿಲ್ಲ. ಪತ್ರಿಕೆಯಲ್ಲಿ ದುಡಿಯುತ್ತಲೇ ಇಂಗ್ಲಿಷು, ಸಂಸ್ಕೃತ, ರಾಜ್ಯಶಾಸ್ತ್ರ ಎಲ್ಲ ಕಲಿತರು. ಪರೀಕ್ಷೆ ಕೈಕೊಟ್ಟ ಆ ಮನುಷ್ಯನಿಗೆ ಮೈಸೂರು ವಿಶ್ವವಿದ್ಯಾಲಯವೇ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು.

ಇವರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಒಂದು ಸತ್ಯ ಒಪ್ಪಿಕೊಳ್ಳಬೇಕು. ಈ ಮೂವರ ಮನೆಯಲ್ಲೂ ಮೊದಲೇ ಅಕ್ಷರವಿತ್ತು. ಪರ ಊರಿಗೆ ಓದಲು ಹೋದರೆ ನಂಟರಿಷ್ಟರೋ ಜಾತಿಯವರೋ ಇದ್ದರು. ಬಡವರಾದರೂ ಶಾಲೆಯ ಒಳಗೆ ಕೂರಬಾರದು ಅಂತ ಅವರಿಗೆ ಯಾರೂ ಹೇಳಲಿಲ್ಲ. ಒಳಗೆ ಕೂತವನಿಗೆ ಭಾಷೆ ಒಂದೆರಡು ವರ್ಷದಲ್ಲಿ ಬರುತ್ತದೆ. ಹೊರಗೆ ನಿಂತವನಿಗೆ ಯಾವ ಭಾಷೆಯಲ್ಲಿ ಪಾಠ ಮಾಡಿದರೇನು?

ಬಾಗಿಲ ಹೊರಗೆ ನಿಂತವರು

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಜನರಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲೇ ಇದು ಅತಿ ಹೆಚ್ಚು. ಹಾಗಾಗಿ ಈ ಜಿಲ್ಲೆಯ ಶಿಕ್ಷಣದ ಚರಿತ್ರೆ ಅಂದರೆ ಬಹುಪಾಲು ಇವರು ಒಳಗೆ ಬಂದ ಚರಿತ್ರೆಯೇ.

1910ರ ದಶಕದಲ್ಲಿ ಮೈಸೂರು ಸರ್ಕಾರ ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಬಾರದು ಅಂತ ಆದೇಶ ಮಾಡಿತು. 1913ರಲ್ಲಿ ಕೆಲವು ಆಯ್ದ ಊರುಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನೂ ಬಂದಿತ್ತು. ಕಾಗದದಲ್ಲಿ ಎರಡೂ ದೊಡ್ಡ ಹೆಜ್ಜೆ. ಹಳ್ಳಿಯಲ್ಲಿ ಆದದ್ದೇ ಬೇರೆ. ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವುದು, ಮೇಷ್ಟ್ರು ದಲಿತ ಮಕ್ಕಳನ್ನು ಜಗುಲಿಯಲ್ಲಿ ಕೂರಿಸುವುದು ಸಂಸ್ಥಾನದ ಎಷ್ಟೋ ಕಡೆ ನಡೆಯಿತು. ಆದೇಶ ಮಾಡಿದ್ದು ಸರ್ಕಾರ. ಆದರೆ ಶಾಲೆ ನಡೆಯುತ್ತಿದ್ದದ್ದು ಊರಗೌಡರ ಜಾಗದಲ್ಲಿ.

ಅದೇ ಹೊತ್ತಿಗೆ ಬ್ರಾಹ್ಮಣೇತರರು ಎದ್ದರು. ಒಕ್ಕಲಿಗರ ಸಂಘ 1906ರಲ್ಲೇ ಹುಟ್ಟಿತ್ತು. ಓದಿದರೂ ಕೆಲಸವೆಲ್ಲ ಒಂದೇ ಜಾತಿಯ ಪಾಲಾಗುತ್ತಿದೆ ಅನ್ನುವ ದೂರಿನ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹಿಂದುಳಿದವರಿಗೆ ಕೆಲಸದಲ್ಲೂ ಓದಿನಲ್ಲೂ ವಿಶೇಷ ಅವಕಾಶ ಬೇಕು ಅಂತ ಅದು ಮರು ವರ್ಷ ವರದಿ ಕೊಟ್ಟಿತು. ಈ ವಿಚಾರದಲ್ಲಿ ಒಪ್ಪದೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಶಾಲೆ ಹೆಚ್ಚಾಗಬೇಕು ಅಂತ ದುಡಿದವರೂ ಅವರೇ, ಯಾರಿಗೆ ಮೊದಲು ಅನ್ನುವ ಪ್ರಶ್ನೆ ಬಂದಾಗ ಬೇರೆ ನಿಂತವರೂ ಅವರೇ. ಒಬ್ಬ ಮನುಷ್ಯನಲ್ಲಿ ಎರಡೂ ಇರಬಹುದು ಅನ್ನುವುದನ್ನು ನಾವು ಇಲ್ಲಿ ಕಲಿಯಬೇಕು.

ಮುಂದೆ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಾಗಿ ಕೂತವರಲ್ಲಿ ಕೋಲಾರದ ಟಿ.ಚನ್ನಯ್ಯನವರೂ ಇದ್ದರು, ಕ್ಯಾಸಂಬಳ್ಳಿಯ ಕೆ.ಸಿ.ರೆಡ್ಡಿಯವರೂ ಇದ್ದರು. ಕೋಲಾರದ ರಂಗಮಂದಿರಕ್ಕೆ ಚನ್ನಯ್ಯನವರ ಹೆಸರಿದೆ. ಅಲ್ಲಿ ಕಾರ್ಯಕ್ರಮ ನೋಡುವ ಎಷ್ಟೋ ಹುಡುಗರಿಗೆ ಅವರು ಯಾರು ಅಂತ ಗೊತ್ತಿಲ್ಲ.

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ, ಹಾವನೂರು ಆಯೋಗ, ಇತ್ತ ದಲಿತ ಸಂಘರ್ಷ ಸಮಿತಿಯ ಹಾಡು, ಹೋರಾಟ. ಕೋಲಾರ ಆ ಹಾಡುಗಳ ತವರುಗಳಲ್ಲಿ ಒಂದು. ಇವೆಲ್ಲದರ ಫಲವಾಗಿ ಬಡ ಮಕ್ಕಳ ಕೈಗೆ ಸಿಕ್ಕ ಒಂದೇ ಒಂದು ಗಟ್ಟಿ ವಸ್ತು ಅಂದರೆ ಹಾಸ್ಟೆಲ್ಲು. ನಾವು ಮಾತಾಡಿಸಿದ ಐವತ್ತು ದಾಟಿದ ಮೇಷ್ಟ್ರು, ಗುಮಾಸ್ತರು, ವಕೀಲರು ಒಂದು ಮಾತಂತೂ ಹೇಳಿಯೇ ಹೇಳುತ್ತಾರೆ: "ಹಾಸ್ಟೆಲ್ ಇಲ್ಲದಿದ್ದರೆ ನಾವು ಕುರಿ ಹಿಂದೆ ಇರುತ್ತಿದ್ದೆವು." ಊಟ ಸಿಕ್ಕಿತು, ದೀಪ ಸಿಕ್ಕಿತು. ಜೊತೆಗೆ ಬೇರೆ ಬೇರೆ ಊರಿನ ಹುಡುಗರ ಜೊತೆ ಬೆರೆತು ಕನ್ನಡವೂ ಬಂತು. ಭಾಷೆಯ ಪ್ರಶ್ನೆಗೆ ಹಾಸ್ಟೆಲ್ಲು ತಾನಾಗೇ ಉತ್ತರ ಕೊಟ್ಟಿತ್ತು. ಅದನ್ನು ಯಾವ ವರದಿಯೂ ಹೇಳಿರಲಿಲ್ಲ.

'ಅಥವಾ' ಅನ್ನುವ ಒಂದು ಮಾತು

1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ತೆಲುಗರು ಇಷ್ಟು ಜನ ಇದ್ದರೂ ಕೋಲಾರ ಮೈಸೂರು ರಾಜ್ಯದಲ್ಲೇ ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ ಅದು.

ನಮ್ಮಲ್ಲಿ ಉರ್ದು ಶಾಲೆಗಳು ಸಂಸ್ಥಾನದ ಕಾಲದಿಂದಲೂ ಬಂದಿದ್ದವು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಈಗಲೂ ಇವೆ. ತೆಲುಗು ಶಾಲೆ ಮಾತ್ರ ಹುಡುಕಿ ತೆಗೆಯಬೇಕು. ಯಾಕೆ? ನಮ್ಮ ಅಂದಾಜು ಇಷ್ಟು: ತೆಲುಗು ಮನೆಯವರೇ ಅದನ್ನು ಕೇಳಲಿಲ್ಲ. ಕೆಲಸ ಕನ್ನಡದಲ್ಲಿತ್ತು, ಲಿಪಿ ಹತ್ತಿರದ್ದು, ಸಂತೆಯಲ್ಲಿ ಎರಡೂ ನಡೆಯುತ್ತಿತ್ತು. ಮಕ್ಕಳು ಕನ್ನಡದಲ್ಲಿ ಓದಲಿ ಅಂತ ಅವರೇ ಬಯಸಿದರು. ಅದು ತಪ್ಪಲ್ಲ. ಆದರೆ ಕನ್ನಡ ಈ ಮಗುವಿಗೆ ಹೊಸ ಭಾಷೆ, ಮೊದಲ ಆರು ತಿಂಗಳು ಬೇರೆ ಥರ ಕಲಿಸಬೇಕು ಅನ್ನುವ ಮಾತು ಎಲ್ಲೂ ಬರಲಿಲ್ಲ.

1980ರಲ್ಲಿ ವಿ.ಕೃ.ಗೋಕಾಕರ ಸಮಿತಿ ನೇಮಕವಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ಅದು ವರದಿ ಕೊಟ್ಟಿತು. ಸರ್ಕಾರ ತಡ ಮಾಡಿದಾಗ ಸಾಹಿತಿಗಳು ಬೀದಿಗಿಳಿದರು, ಡಾ.ರಾಜ್‌ಕುಮಾರ್ ಬಂದ ಮೇಲೆ ಅದು ಜನರ ಚಳವಳಿಯೇ ಆಯಿತು. ಕನ್ನಡಿಗರಿಗೆ ತಮ್ಮ ಊರಲ್ಲೇ ತಾವು ಕಡೆಯಾಗುತ್ತಿದ್ದೇವೆ ಅನ್ನುವ ನೋವಿತ್ತು, ಅದು ನಿಜದ ನೋವು. ಕೋಲಾರದಂಥ ಕಡೆ ಉರ್ದು, ತೆಲುಗು, ತಮಿಳು ಮನೆಗಳಲ್ಲಿ ನಮ್ಮ ಮಕ್ಕಳ ಗತಿ ಏನು ಅನ್ನುವ ಆತಂಕವೂ ಇತ್ತು, ಅದೂ ನಿಜದ್ದೇ. 1982ರ ಆದೇಶ ಕೋರ್ಟಿಗೆ ಹೋಯಿತು. 1989ರಲ್ಲಿ ಹೈಕೋರ್ಟು ಭಾಷಾ ಅಲ್ಪಸಂಖ್ಯಾತರ ಮೇಲೆ ಹಾಗೆ ಕಡ್ಡಾಯ ಹೇರುವಂತಿಲ್ಲ ಎಂದಿತು.

ಆಮೇಲೆ ಬಂದದ್ದು 1994ರ ಆದೇಶ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಅನ್ನುವ ಆದೇಶ. ಈ 'ಅಥವಾ' ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಮಂಡ್ಯದಲ್ಲಿ ಹೆಚ್ಚುಕಮ್ಮಿ ಎರಡೂ ಒಂದೇ. ಅಲ್ಲಿ ಈ ಮಾತಿಗೆ ಕೆಲಸವಿಲ್ಲ. ಶ್ರೀನಿವಾಸಪುರದಲ್ಲಿ ಮಾತೃಭಾಷೆ ಒಂದು, ಕನ್ನಡ ಇನ್ನೊಂದು. ನಮ್ಮ ಮಕ್ಕಳ ಇಡೀ ಕಷ್ಟ ಆ ಒಂದು ಮಾತಿನೊಳಗೆ ಇದೆ. ಆದೇಶ ಬರೆದವರು ಅದನ್ನು ಬರೆದು ಮುಂದಕ್ಕೆ ಹೋದರು.

ಖಾಸಗಿ ಶಾಲೆಗಳು ಆದೇಶಕ್ಕೆ ಬೇರೆ ದಾರಿ ಕಂಡುಕೊಂಡವು. ಕನ್ನಡ ಮಾಧ್ಯಮ ಅಂತ ಅನುಮತಿ ಪಡೆದು ಇಂಗ್ಲಿಷ್ ಕಲಿಸಿದವು. 2006ರ ಹೊತ್ತಿಗೆ ಸರ್ಕಾರ ಅಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮೇಲೆ ಕ್ರಮಕ್ಕೆ ಹೊರಟಿತ್ತು. 2008ರಲ್ಲಿ ಹೈಕೋರ್ಟು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆದೇಶ ನಿಲ್ಲುವುದಿಲ್ಲ ಎಂದವು. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವವರು ಪೋಷಕರೇ ಹೊರತು ಸರ್ಕಾರವಲ್ಲ ಅಂತಲೂ ಸುಪ್ರೀಂ ಕೋರ್ಟು ಹೇಳಿತು.

2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ವರ್ಷಗಟ್ಟಲೆ ಕೋರ್ಟಿನಲ್ಲಿ ಯಾವುದರ ವಿರುದ್ಧ ವಾದ ಮಾಡಿತ್ತೋ ಅದನ್ನೇ ತಾನೂ ಮಾಡಿತು. ಪೋಷಕರನ್ನು ಬೈದು ಪ್ರಯೋಜನವಿಲ್ಲ. ನರಸಾಪುರ, ಮಾಲೂರು, ವೇಮಗಲ್ ಕಡೆ ಕಾರ್ಖಾನೆಗಳು ಬಂದಿವೆ. ಗೇಟಿನಲ್ಲಿ ಅರ್ಜಿ ತುಂಬಿಸುವುದು ಇಂಗ್ಲಿಷಿನಲ್ಲಿ. ರಾಗಿ ಹೊಲ ಮಾರಿದವರು ಮಗನನ್ನು ಹಳದಿ ಬಸ್ಸಿಗೆ ಹತ್ತಿಸುತ್ತಾರೆ. ಹಿಂದೆ ಅವರ ತಾತ ತೆಲುಗು ಬಿಟ್ಟು ಕನ್ನಡ ಆರಿಸಿದ್ದೂ ಇದೇ ಲೆಕ್ಕದಲ್ಲಿ.

ಈಗ ಮತ್ತೆ ಚಕ್ರ ತಿರುಗಿದೆ. ರಾಜ್ಯದ ಹೊಸ ಶಿಕ್ಷಣ ನೀತಿಗೆ ಪ್ರೊ.ಸುಖದೇವ್ ಥೋರಟ್ ನೇತೃತ್ವದ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಐದನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಇರಲಿ ಅನ್ನುವುದು ಅದರ ಒಂದು ಸಲಹೆ. ಮತ್ತೆ ಅದೇ 'ಅಥವಾ'.

ರಾಯಲ್ಪಾಡು ದಾಟಿದರೆ

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಅದು ಹುಟ್ಟಿದ್ದು ನಮ್ಮ ಪಕ್ಕದಲ್ಲೇ.

ಶ್ರೀನಿವಾಸಪುರದಿಂದ ರಾಯಲ್ಪಾಡು ದಾಟಿ ಹೋದರೆ ಆಂಧ್ರದ ಮದನಪಲ್ಲಿ. ಅದರ ಹತ್ತಿರ ರಿಷಿವ್ಯಾಲಿ ಶಾಲೆ ಇದೆ. ಸುತ್ತಲಿನ ಹಳ್ಳಿ ಮಕ್ಕಳಿಗಾಗಿ ಆ ಸಂಸ್ಥೆ ಸಣ್ಣ ಸಣ್ಣ ಶಾಲೆ ನಡೆಸುತ್ತಾ ಒಂದು ವಿಧಾನ ಕಟ್ಟಿತು. ಪುಸ್ತಕದ ಬದಲು ಕಾರ್ಡುಗಳು. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಹಾಡು, ಕತೆ, ಊರಿನ ಸಾಮಾನು ಎಲ್ಲ ಪಾಠವೇ. ಆ ಕಾರ್ಡುಗಳು ತೆಲುಗಿನಲ್ಲಿದ್ದವು, ನಮ್ಮ ಗಡಿ ಹಳ್ಳಿಗಳ ಮಕ್ಕಳು ಮನೆಯಲ್ಲಿ ಆಡುವ ತೆಲುಗಿಗೆ ಹತ್ತಿರದ ಭಾಷೆಯಲ್ಲಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ಬೆಂಬಲದಿಂದ ಅದನ್ನು ತಮ್ಮ ಕಾಡಂಚಿನ ಶಾಲೆಗಳಿಗೆ ಹೊಂದಿಸಿದರು. ಅದೇ 'ನಲಿ-ಕಲಿ'. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಹೀಗೆ ನಮ್ಮ ಪಕ್ಕದ ಊರಿನ ವಿಧಾನ ಮೈಸೂರಿನ ಕಾಡು ಸುತ್ತಿ, ಬೆಂಗಳೂರಿನ ಕಚೇರಿ ಸುತ್ತಿ ನಮ್ಮ ಶಾಲೆಗೆ ತಲುಪಿತು. ಆದರೆ ದಾರಿಯಲ್ಲಿ ಒಂದು ವಿಷಯ ಬಿದ್ದುಹೋಯಿತು. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಬೇಕು ಅನ್ನುವುದು ಅದರ ತಿರು­ಳು. ಕನ್ನಡ ಬಲ್ಲ ಮಗುವಿಗೆ ಮಾಡಿದ ಕಾರ್ಡನ್ನೇ ಕನ್ನಡ ಬಾರದ ಮಗುವಿಗೂ ಕೊಟ್ಟರೆ ಆ ತಿರುಳು ಉಳಿಯುವುದಿಲ್ಲ.

ನಮ್ಮ ಕಡೆಯ ಜಾಣ ಮೇಷ್ಟ್ರು, ಮೇಡಮ್ಮುಗಳು ಯಾರ ಆದೇಶಕ್ಕೂ ಕಾಯದೆ ಇದನ್ನು ಸರಿಮಾಡಿಕೊಂಡಿದ್ದಾರೆ. ಜೂನ್, ಜುಲೈನಲ್ಲಿ ತೆಲುಗಿನಲ್ಲೋ ಉರ್ದುವಿನಲ್ಲೋ ಮಾತಾಡಿಸುತ್ತಾರೆ. ಆವು ಅಂದರೆ ಹಸು, ನೀಳ್ಳು ಅಂದರೆ ನೀರು ಅಂತ ಜೋಡಿ ಕಟ್ಟುತ್ತಾರೆ. ದಸರಾ ಹೊತ್ತಿಗೆ ಮಗು ಕನ್ನಡದಲ್ಲಿ ಜಗಳವಾಡುವಷ್ಟಾಗುತ್ತದೆ. ಇಂಥವರಿಗೆ ಯಾವ ಪ್ರಶಸ್ತಿಯೂ ಬಂದದ್ದು ನಾವು ಕಂಡಿಲ್ಲ.

ರಿಜಿಸ್ಟರಿನ ಒಂದು ಕಾಲಂ

ಕಳೆದ ಜೂನ್‌ನಲ್ಲಿ ಗಡಿಯ ಒಂದು ಹಳ್ಳಿಯಲ್ಲಿ ಎಸ್‌ಡಿಎಂಸಿ ಸಭೆಗೆ ಹೋಗಿದ್ದೆವು. ಮಕ್ಕಳು ಕಮ್ಮಿಯಾಗಿದ್ದಾರೆ, ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ ಅನ್ನುವ ಮಾತು ನಡೆದಿತ್ತು. ಒಬ್ಬ ಅಜ್ಜಿ ಮೊಮ್ಮಗಳನ್ನು ಸೇರಿಸಲು ಬಂದಿದ್ದರು. ಅರ್ಜಿ ತುಂಬುತ್ತಿದ್ದವರು ಕೇಳದೆಯೇ 'ಮಾತೃಭಾಷೆ' ಅನ್ನುವ ಕಡೆ 'ಕನ್ನಡ' ಅಂತ ಬರೆದರು. ಅಜ್ಜಿ ಏನು ಬರೆದಿರಿ ಅಂತ ತೆಲುಗಿನಲ್ಲಿ ಕೇಳಿದರು. ಹೇಳಿದ ಮೇಲೆ ನಕ್ಕು, "ಅದಕ್ಕೆ ಕನ್ನಡ ಬಂದಿದ್ರೆ ಇಲ್ಲಿಗ್ಯಾಕೆ ಕರ್ಕೊಂಡು ಬರ್ತಿದ್ದೆ ಅಣ್ಣಾ" ಅಂದರು. ಆ ಮಾತನ್ನು ಮಾತ್ರ ಕನ್ನಡದಲ್ಲೇ ಆಡಿದರು.

ಇಡೀ ಚರಿತ್ರೆ ಆ ಒಂದು ಕಾಲಂನಲ್ಲಿತ್ತು. ಕಮಿಷನರ ಕಚೇರಿ, ಬರ, ಮಿಷನ್ನು, ಜಾತಿ, ಚಳವಳಿ, ಕೋರ್ಟು, ಕಾರ್ಖಾನೆ. ಎಲ್ಲರೂ ಮಗುವಿನ ಪರವಾಗಿ ಗೊತ್ತು ಮಾಡಿದರು. ಅಜ್ಜಿಯನ್ನು ಕೇಳಿದವರು ಯಾರೂ ಇರಲಿಲ್ಲ.

2001ರಿಂದ ನಮಗೆ ಎಸ್‌ಡಿಎಂಸಿ ಇದೆ. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಿಂದ ಬಂದದ್ದು. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುತ್ತದೆ. 2011ರಲ್ಲಿ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ 81 ಮಂದಿ ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ 66 ಮಂದಿ ಇದ್ದರು. ಅಂದರೆ ಸಮಿತಿಯಲ್ಲಿ ಕೂರುವ ಎಷ್ಟೋ ತಾಯಂದಿರಿಗೆ ನಡಾವಳಿ ಓದಲು ಬರುವುದಿಲ್ಲ. ಸಹಿ ಹಾಕುವ ಮುಂಚೆ ಜೋರಾಗಿ ಓದಿ ಹೇಳಿ ಅಂತ ಕೇಳುವ ಹಕ್ಕು ಅವರಿಗಿದೆ.

ಈ ಜೂನ್‌ನಲ್ಲಿ ಮಗುವನ್ನು ಸೇರಿಸಲು ಹೋಗುವವರಿಗೆ ನಮ್ಮದು ಇಷ್ಟೇ ಕೋರಿಕೆ. ಮಾತೃಭಾಷೆಯ ಕಾಲಂನಲ್ಲಿ ಮನೆಯಲ್ಲಿ ನಿಜವಾಗಿ ಆಡುವ ಭಾಷೆಯನ್ನೇ ಬರೆಸಿ. ತೆಲುಗಾದರೆ ತೆಲುಗು, ಉರ್ದುವಾದರೆ ಉರ್ದು, ತಮಿಳಾದರೆ ತಮಿಳು, ಲಂಬಾಣಿಯಾದರೆ ಲಂಬಾಣಿ. ಇಟ್ಟಿಗೆ ಗೂಡಿಗೆ ಬಂದ ಬಿಹಾರದವರ ಮಗು ಇದ್ದರೆ ಹಿಂದಿ. ಹಾಗೆ ಬರೆಸಿದರೆ ಕನ್ನಡಕ್ಕೆ ಕುಂದಿಲ್ಲ. ಪಾಠ ಕನ್ನಡದಲ್ಲೇ ನಡೆಯಲಿ, ಇಂಗ್ಲಿಷೂ ಬರಲಿ. ಆದರೆ ಇಷ್ಟು ಮಕ್ಕಳಿಗೆ ಕನ್ನಡ ಎರಡನೇ ಭಾಷೆ ಅಂತ ರಿಜಿಸ್ಟರು ಹೇಳಿದರೆ, ಗಡಿ ಶಾಲೆಗೆ ತೆಲುಗು ಬಲ್ಲ ಮೇಷ್ಟ್ರನ್ನೇ ಕೊಡಿ, ಒಂದನೇ ತರಗತಿಗೆ ಬೇರೆ ಕಾರ್ಡು ಕೊಡಿ ಅಂತ ಕೇಳಲು ಎಸ್‌ಡಿಎಂಸಿ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಈಗ ಅದೂ ಇಲ್ಲ.

ಆ ಅಜ್ಜಿಯ ಅರ್ಜಿಯಲ್ಲಿ 'ಕನ್ನಡ' ಹೊಡೆದು 'ತೆಲುಗು' ಅಂತ ತಿದ್ದಿದರು. ಮೊಮ್ಮಗಳು ಅಷ್ಟರಲ್ಲಿ ಒಳಗೆ ಹೋಗಿ ಗೋಡೆಯ ಚಾರ್ಟು ನೋಡುತ್ತಾ ನಿಂತಿದ್ದಳು. ಹಸುವಿನ ಚಿತ್ರದ ಮುಂದೆ ಮೇಡಮ್ಮು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇದೇಮಿ?" ಅಂತ ತೆಲುಗಿನಲ್ಲೇ ಕೇಳಿದರು.

"ಆವು" ಅಂದಳು.

"ಹೂಂ. ನಾವು ಅದಕ್ಕೆ ಹಸು ಅಂತೀವಿ. ಹೇಳು ನೋಡೋಣ."